ದಕ್ಷಿಣಾಮೂರ್ತಿ ಧ್ಯಾನ: ಮನಸ್ಸು ಖಾಲಿಯಾದರೆ ಅದೇ ಮೌನವೇ?

ಹೊಂಗೆನೆರಳು (ಪ್ರಶ್ನೆ)

ಗುರುರೂಪದ ಶಿವನನ್ನು ಸ್ತುತಿಸುವ ದಕ್ಷಿಣಾಮೂರ್ತಿ ಸ್ತೋತ್ರದ ಹತ್ತೂ ಶ್ಲೋಕ ಬಾಯಿಗೆ ಬರುತ್ತವೆ, ಅರ್ಥವೂ ಒಂದು ಮಟ್ಟಿಗೆ ಗೊತ್ತು. ತೊಂದರೆ ಇರುವುದು ಆಮೇಲೆ. ಸ್ತೋತ್ರ ಮುಗಿಸಿ ಕಣ್ಣು ಮುಚ್ಚಿದರೆ ಎರಡರಲ್ಲಿ ಒಂದಾಗುತ್ತದೆ: ಮನಸ್ಸು ಊರೆಲ್ಲ ಸುತ್ತುತ್ತದೆ, ಇಲ್ಲವೇ ಏನೂ ಇಲ್ಲದ ಹಾಗೆ ಖಾಲಿಯಾಗಿಬಿಡುತ್ತದೆ. ಈ ಖಾಲಿಯನ್ನೇ ‘ಮೌನವ್ಯಾಖ್ಯಾನ’ (ಮಾತಿಲ್ಲದೆ ಮೌನದಿಂದಲೇ ಮಾಡುವ ಉಪದೇಶ) ಅನ್ನುವುದೇ? ಮೂರ್ತಿಯನ್ನು ಕ್ರಮವಾಗಿ ಧ್ಯಾನಿಸುವುದು ಹೇಗೆ, ಎಷ್ಟು ಹೊತ್ತು?

ಜೊತೆಗೆ ಸಣ್ಣಪುಟ್ಟ ಸಂಶಯಗಳು. ಪಟವನ್ನು ದಕ್ಷಿಣಕ್ಕೆ ಮುಖ ಮಾಡಿ ಇಡಬಾರದು, ಅದು ಯಮನ ದಿಕ್ಕು ಎನ್ನುತ್ತಾರೆ, ನಿಜವೇ? ಬುದ್ಧಿಶಕ್ತಿ ಬೇಡುವ ಮೇಧಾ ದಕ್ಷಿಣಾಮೂರ್ತಿ ಮಂತ್ರವನ್ನು ಗುರುವಿನ ಉಪದೇಶವಿಲ್ಲದೆ ಜಪಿಸಬಹುದೇ? ಗುರುವಾರ ಕಡಲೆಹಾರ ಹಾಕಲೇಬೇಕೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಅಕ್ಷಮಾಲೆ

ದಿಕ್ಕಿನ ವಿಷಯ ಮೊದಲು ಮುಗಿಸೋಣ. ದಕ್ಷಿಣ ಯಮನ ದಿಕ್ಕು, ನಿಜ. ಸಾವಿನ ದಿಕ್ಕಿಗೆ ಮುಖ ಕೊಟ್ಟು ನಗುನಗುತ್ತ ಕೂತವನು ಅನ್ನುವುದೇ ಈ ಮೂರ್ತಿಯ ವಿಶೇಷ. ಅದನ್ನೇ ದೋಷ ಅಂದರೆ ಹೇಗೆ? ಶಿವಾಲಯಗಳಲ್ಲಿ ಪ್ರದಕ್ಷಿಣೆ ಬರುವಾಗ ಗರ್ಭಗುಡಿಯ ದಕ್ಷಿಣ ಗೋಡೆಯ ಗೂಡಿನಲ್ಲಿ ಇವನನ್ನು ಕಾಣುತ್ತೇವೆ. ಅವನು ದಕ್ಷಿಣಕ್ಕೆ ನೋಡುವುದರಿಂದ ಎದುರು ನಿಂತವರ ಮುಖ ತಾನಾಗಿ ಉತ್ತರಕ್ಕಿರುತ್ತದೆ. ಮನೆಯಲ್ಲೂ ಹಾಗೆ ಇಡಲು ಜಾಗವಿದ್ದರೆ ಇಡಿ. ಇಲ್ಲದಿದ್ದರೆ ಬೇರೆ ದೇವರ ಜೊತೆ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿಟ್ಟರೂ ಏನೂ ಕೆಡುವುದಿಲ್ಲ. ದಕ್ಷಿಣಾಮೂರ್ತ್ಯುಪನಿಷತ್ತು ‘ದಕ್ಷಿಣಾ’ ಅಂದರೆ ಬುದ್ಧಿ ಎಂದೇ ಅರ್ಥ ಹೇಳುತ್ತದೆ. ಆ ಲೆಕ್ಕದಲ್ಲಿ ದಿಕ್ಕು ಗೋಡೆಯದ್ದಲ್ಲ.

ಇನ್ನು ಧ್ಯಾನದ ಕ್ರಮ. ತುಂಬಾ ಜನ ಮಾಡುವ ತಪ್ಪು, ಇಡೀ ಚಿತ್ರವನ್ನು ಒಂದೇ ಸಲ ಕಣ್ಣಿಗೆ ತಂದುಕೊಳ್ಳಲು ಹೋಗುವುದು. ಆಲದಮರ, ನಾಲ್ವರು ಋಷಿಗಳು, ನಂದಿ, ಹಿಮಾಲಯ ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ಅರ್ಧ ನಿಮಿಷದಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಪಾದದಿಂದ ಹೊರಡಿ. ಬಲಗಾಲು ಕೆಳಗಿಳಿದು ಅಪಸ್ಮಾರನ ಮೇಲಿದೆ. ಎಡಗಾಲು ಮಡಚಿ ಬಲತೊಡೆಯ ಮೇಲೆ ಕೂತಿದೆ. ಈ ಎರಡು ಕಾಲಿನ ಹತ್ತಿರವೇ ಮೊದಲ ವಾರ ಕಳೆಯಿರಿ, ಮೇಲೆ ಹೋಗಲೇಬೇಡಿ. ಆ ಪಾದದ ಕೆಳಗಿರುವವನನ್ನು ಗಮನಿಸಿ: ಅವನು ಸತ್ತಿಲ್ಲ, ತಲೆಯೆತ್ತಿ ನೋಡುತ್ತಿರುತ್ತಾನೆ. ಅಪಸ್ಮಾರ ಎಂದರೆ ಇಲ್ಲಿ ಮರೆವು, ತಾನು ಯಾರೆಂಬುದರ ಮರೆವು. ಮರೆವನ್ನು ಕೊಂದುಹಾಕಿಲ್ಲ, ಅದುಮಿ ಹಿಡಿದಿದ್ದಾನೆ ಅಷ್ಟೆ. ಕಾಲೆತ್ತಿದರೆ ಅದು ಮತ್ತೆ ಏಳುತ್ತದೆ, ಹಾಗಾಗಿಯೇ ದಿನವೂ ಕೂರಬೇಕಾಗುವುದು. (ವೈದ್ಯಕದಲ್ಲಿ ಮೂರ್ಛೆರೋಗಕ್ಕೂ ಇದೇ ಹೆಸರಿದೆ. ಅದನ್ನು ಹಿಡಿದುಕೊಂಡು ಆ ಕಾಯಿಲೆ ಇರುವವರನ್ನು ಪಾಪಿಗಳು ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.)

ಎರಡನೇ ವಾರ ಕೈಗಳಿಗೆ ಬನ್ನಿ. ಸಾಮಾನ್ಯವಾಗಿ ಮೇಲಿನ ಬಲಗೈಯಲ್ಲಿ ಅಕ್ಷಮಾಲೆ, ಮೇಲಿನ ಎಡಗೈಯಲ್ಲಿ ಬೆಂಕಿ ಅಥವಾ ಹಾವು, ಕೆಳಗಿನ ಎಡಗೈಯಲ್ಲಿ ಪುಸ್ತಕ ಅಥವಾ ವರದಮುದ್ರೆ. ಮೂರ್ತಿಯಿಂದ ಮೂರ್ತಿಗೆ ಇವು ಬದಲಾಗುತ್ತವೆ. ವೀಣೆ ಹಿಡಿದವನು ವೀಣಾಧರ, ಯೋಗಾಸನದಲ್ಲಿ ಕೂತವನು ಯೋಗ ದಕ್ಷಿಣಾಮೂರ್ತಿ. ನಿಮ್ಮ ಪಟದಲ್ಲಿ ಏನಿದೆಯೋ ಅದನ್ನೇ ಹಿಡಿಯಿರಿ, ಪುಸ್ತಕ ನೋಡಿ ತಿದ್ದಲು ಹೋಗಬೇಡಿ. ವೀಣಾಧರನಂಥ ರೂಪಗಳನ್ನು ಬಿಟ್ಟರೆ ಸಾಮಾನ್ಯವಾಗಿ ಬದಲಾಗದೆ ಇರುವುದು ಕೆಳಗಿನ ಬಲಗೈಯ ಚಿನ್ಮುದ್ರೆ, ಅಂದರೆ ತೋರುಬೆರಳು ಬಾಗಿ ಹೆಬ್ಬೆರಳಿಗೆ ತಾಗಿರುವುದು. ಸ್ತೋತ್ರದ 7ನೇ ಶ್ಲೋಕದಲ್ಲಿ ‘ಮುದ್ರಯಾ ಭದ್ರಯಾ’ ಎಂದು ಬರುವುದು ಇದೇ.

ಈ ಮುದ್ರೆಯನ್ನು ನಿಮ್ಮ ಕೈಯಲ್ಲೇ ಮಾಡಿ ನೋಡಿ. ತೋರುಬೆರಳು ಉಳಿದ ಮೂರು ಬೆರಳುಗಳ ಸಾಲಿನಲ್ಲಿ ನಿಂತಿರುತ್ತದೆ. ‘ನಾನು’, ‘ನೀನು’ ಎಂದು ತೋರಿಸುವುದೂ, ಬೈಯುವಾಗ ಮುಂದೆ ಬರುವುದೂ ಅದೇ ಬೆರಳು. ಹಾಗಾಗಿ ಅದು ಜೀವ. ಉಳಿದ ಮೂರು, ಮೂರು ಗುಣಗಳು ಅಥವಾ ಎಚ್ಚರ-ಕನಸು-ನಿದ್ದೆ ಎಂಬ ಮೂರು ಅವಸ್ಥೆಗಳು. ಹೆಬ್ಬೆರಳು ದೂರ ನಿಂತಿದೆ, ಆದರೆ ಅದಿಲ್ಲದೆ ಕೈಗೆ ಏನನ್ನೂ ಹಿಡಿಯಲಾಗದು. ತೋರುಬೆರಳು ಮೂವರನ್ನು ಬಿಟ್ಟು ಬಾಗಿದರೆ ಮಾತ್ರ ಹೆಬ್ಬೆರಳು ಸಿಗುತ್ತದೆ. ಉಳಿದ ಮೂರು ಅಲ್ಲೇ ನೆಟ್ಟಗೆ ನಿಂತಿರುತ್ತವೆ, ಅವನ್ನು ಕತ್ತರಿಸಿ ಹಾಕಬೇಕಾಗಿಲ್ಲ. ಬೆರಳ ತುದಿ ತಾಗಿದರೆ ಸಾಕು. ಉಗುರು ಬೆಳ್ಳಗಾಗುವಷ್ಟು ಒತ್ತಿದರೆ ಐದು ನಿಮಿಷದಲ್ಲಿ ಮಣಿಕಟ್ಟು ನೋಯತೊಡಗಿ ಧ್ಯಾನ ಪೂರ್ತಿ ನೋವಿನ ಮೇಲೆ ಹೋಗುತ್ತದೆ. ಮೂರ್ತಿ ಮುದ್ರೆಯನ್ನು ಎದೆಯ ಎತ್ತರಕ್ಕೆ ಹಿಡಿದಿರುವುದು ಉಪದೇಶಿಸಲು. ನಾವು ಕೇಳಿಸಿಕೊಳ್ಳುವವರು, ಕೈ ತೊಡೆಯ ಮೇಲಿರಲಿ.

ಮೂರನೇ ವಾರ ಮುಖ. ಅಲ್ಲಿ ವಿವರ ಬೇಡ, ಪ್ರಸನ್ನತೆ ಒಂದಿದ್ದರೆ ಸಾಕು.

ನಿತ್ಯಪಾಠ

ಅಕ್ಷಮಾಲೆಯವರು ಹೇಳಿದ್ದು ಸರಿ. ಪಾಠದ ಕಡೆಯಿಂದ ಒಂದಷ್ಟು ಸೇರಿಸುತ್ತೇನೆ, ಯಾಕೆಂದರೆ ಆಮೇಲೆ ಮನಸ್ಸು ಅಲೆಯುವುದಕ್ಕೆ ಅರ್ಧ ಕಾರಣ ಓದುವಾಗಿನ ಅವಸರ.

ಹತ್ತು ಶ್ಲೋಕಗಳೂ ಶಾರ್ದೂಲವಿಕ್ರೀಡಿತ ಎಂಬ ಛಂದಸ್ಸಿನಲ್ಲಿವೆ. ಪಾದಕ್ಕೆ 19 ಅಕ್ಷರ, 12ನೇ ಅಕ್ಷರದ ಮೇಲೆ ಯತಿ. ಪಲ್ಲವಿಯಂತೆ ಬರುವ ಸಾಲನ್ನೇ ಎಣಿಸಿ: ‘ತಸ್ಮೈ ಶ್ರೀಗುರುಮೂರ್ತಯೇ ನಮ ಇದಂ’ 12, ‘ಶ್ರೀದಕ್ಷಿಣಾಮೂರ್ತಯೇ’ 7. ‘ಇದಂ’ ಆದಮೇಲೆ ಚಿಕ್ಕದೊಂದು ನಿಲುಗಡೆ ಬೇಕು. ಕನ್ನಡದ ನಾಲಿಗೆ ಇಲ್ಲಿ ಎರಡು ಕಡೆ ಜಾರುತ್ತದೆ. ‘ನಮ ಇದಂ’ ಅನ್ನುವುದನ್ನು ‘ನಮಯಿದಂ’ ಮಾಡುತ್ತೇವೆ. ಅದು ‘ನಮಃ ಇದಂ’, ವಿಸರ್ಗ ಬಿದ್ದಮೇಲೆ ಎರಡು ಸ್ವರಗಳೂ ಬಿಡಿಯಾಗಿ ಉಳಿಯಬೇಕು, ನಡುವೆ ಯಕಾರ ಬರಬಾರದು. ಇನ್ನೊಂದು, ‘ಮೂರ್ತಯೇ’ ಬದಲು ‘ಮೂರ್ತಿಯೇ’ ಎನ್ನುವುದು. ಹಾಗಂದರೆ ಅದು ಕನ್ನಡದ ‘ಮೂರ್ತಿಯೇ’ ಆಗಿ ‘ಮೂರ್ತಿಗೆ’ ಎಂಬ ಅರ್ಥವೇ ಹೋಗುತ್ತದೆ. ಸ್ತೋತ್ರದುದ್ದಕ್ಕೂ ಬರುವ ಸಾಲಾದ್ದರಿಂದ ಒಂದು ತಪ್ಪು ಪ್ರತಿ ದಿನ ಅಷ್ಟೂ ಸಲ ಆಗುತ್ತದೆ.

ಮೊದಲು ಹೇಳುವ ‘ಮೌನವ್ಯಾಖ್ಯಾ’, ‘ಚಿತ್ರಂ ವಟತರೋರ್ಮೂಲೇ’ ಮುಂತಾದವು ಧ್ಯಾನಶ್ಲೋಕಗಳು, ಹತ್ತರ ಲೆಕ್ಕಕ್ಕೆ ಸೇರುವುದಿಲ್ಲ. ‘ಚಿತ್ರಂ’ ಅನುಷ್ಟುಪ್, ಪಾದಕ್ಕೆ 8 ಅಕ್ಷರ. ಅದನ್ನೂ ಶಾರ್ದೂಲದ ಧಾಟಿಯಲ್ಲೇ ಎಳೆಯಲು ಹೋದರೆ ಉಸಿರು ತಪ್ಪುತ್ತದೆ. ಅದರಲ್ಲಿ ಹೇಳಿರುವ ಸೋಜಿಗವನ್ನು ಮಾತ್ರ ಸ್ವಲ್ಪ ಮೆಲುಕು ಹಾಕಿ: ಶಿಷ್ಯರು ಮುದುಕರು, ಗುರು ಯುವಕ, ಅವನ ವ್ಯಾಖ್ಯಾನ ಮೌನ, ಆದರೂ ಶಿಷ್ಯರ ಸಂಶಯಗಳು ಹರಿದುಹೋದವು. ಆ ಶಿಷ್ಯರು, ಸನಕ, ಸನಂದನ, ಸನಾತನ, ಸನತ್ಕುಮಾರರು, ಏನೂ ಓದದೆ ಬಂದವರಲ್ಲ. ಕೇಳಬೇಕಾದ್ದನ್ನೆಲ್ಲ ಕೇಳಿ, ಎಲ್ಲಿ ಸಿಕ್ಕಿಕೊಂಡಿದ್ದೇವೆ ಎಂದು ಗೊತ್ತಾಗಿ ಬಂದವರು. ಅಂಥವರಿಗೆ ಮೌನ ಉತ್ತರವಾಗುತ್ತದೆ. ಪ್ರಶ್ನೆಯೇ ಇಲ್ಲದವನ ಎದುರು ಗುರು ಸುಮ್ಮನೆ ಕೂತರೆ ಇಬ್ಬರು ಸುಮ್ಮನೆ ಕೂತಂತಾಯಿತು, ಅಷ್ಟೆ. ಆದ್ದರಿಂದ ದಿನಕ್ಕೆ ಒಂದೇ ಶ್ಲೋಕ ಆರಿಸಿ, ಅದರಿಂದ ಒಂದು ಪ್ರಶ್ನೆ ಹುಟ್ಟಿಸಿಕೊಂಡು ಕೂರಿ. ಹತ್ತನ್ನೂ ನಿಧಾನವಾಗಿ ಹೇಳಲು ಐದಾರು ನಿಮಿಷ ಸಾಕು. ಆಮೇಲಿನ ಹತ್ತು ನಿಮಿಷ ಆ ಒಂದು ಶ್ಲೋಕಕ್ಕೆ.

ಮೇಧಾ ಮಂತ್ರದ ಬಗ್ಗೆ: ಅದು ಉಪನಿಷತ್ತಿನಲ್ಲಿ ಬರುವ 24 ಅಕ್ಷರದ ಮಂತ್ರ, ಕೊನೆಗೆ ‘ಸ್ವಾಹಾ’ ಇದೆ, ನ್ಯಾಸ (ಮಂತ್ರ ಹೇಳುತ್ತ ಅಂಗಗಳನ್ನು ಮುಟ್ಟಿಕೊಳ್ಳುವುದು) ಇದೆ. ಉಪದೇಶ ಪಡೆದೇ ಮಾಡುವುದು ಕ್ರಮ. ಸ್ತೋತ್ರಪಾಠಕ್ಕೆ ಆ ಕಟ್ಟು ಇಲ್ಲ. ಜಪ ಬೇಕೇ ಬೇಕು ಎನಿಸಿದರೆ ‘ಶ್ರೀ ದಕ್ಷಿಣಾಮೂರ್ತಯೇ ನಮಃ’ ಎಂಬ ನಾಮವೇ ಸಾಕು, 108 ಸಲ. ಪರೀಕ್ಷೆ ಹತ್ತಿರ ಬಂತೆಂದು ಮಕ್ಕಳ ಕೈಯಲ್ಲಿ ಯೂಟ್ಯೂಬ್ ನೋಡಿ ಮೇಧಾ ಮಂತ್ರ ಹೇಳಿಸುವುದಕ್ಕಿಂತ ಅದು ಮೇಲು.

ಬಿಲ್ವದಡಿ

ಕಡಲೆಹಾರದ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ನಾನು ಹಾಕುತ್ತೇನೆ.

ಕಡಲೆ, ಹಳದಿ ಬಟ್ಟೆ, ಗುರುವಾರ ಎಲ್ಲವೂ ಬೃಹಸ್ಪತಿಗೆ ಸೇರಿದ್ದು. ಬೃಹಸ್ಪತಿ ಅಂಗಿರಸರ ಮಗ, ದೇವತೆಗಳ ಪುರೋಹಿತ, ನವಗ್ರಹಗಳಲ್ಲಿ ಒಬ್ಬ. ದಕ್ಷಿಣಾಮೂರ್ತಿ ಸಾಕ್ಷಾತ್ ಶಿವ. ಇಬ್ಬರಿಗೂ ‘ಗುರು’ ಎಂಬ ಹೆಸರಿರುವುದರಿಂದ ಒಬ್ಬರ ಹಾರ ಇನ್ನೊಬ್ಬರ ಕೊರಳಿಗೆ ಬಿದ್ದಿದೆ. ತಮಿಳುನಾಡಿನ ಆಲಂಗುಡಿಯಂಥ ಗುರುಸ್ಥಲದಲ್ಲಿ ದಕ್ಷಿಣಾಮೂರ್ತಿಯನ್ನೇ ಗುರುಗ್ರಹದ ರೂಪದಲ್ಲಿ ಪೂಜಿಸುವ ಪದ್ಧತಿ ನೆಲೆಗೊಂಡಿದೆ, ಅದನ್ನು ತಪ್ಪು ಎನ್ನುವುದಿಲ್ಲ. ಆದರೆ ವರ್ಷಕ್ಕೊಂದು ಸಲ ಗುರು ರಾಶಿ ಬದಲಿಸಿದಾಗ ಮಾತ್ರ ಇವನ ನೆನಪಾಗುವುದು, ಜಾತಕದ ಗುರುಬಲಕ್ಕೆ ಆತ್ಮವಿದ್ಯೆಯ ಗುರುವನ್ನು ಹಿಡಿಯುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಅಕ್ಷಮಾಲೆಯವರು ಹೇಳಿದ ಧ್ಯಾನಕ್ಕೆ ಬಿಳಿ ಹೂವೋ ಬಿಲ್ವವೋ ಒಂದಿದ್ದರೆ ಧಾರಾಳ. ಅದೂ ಇಲ್ಲದಿದ್ದರೆ ಮಾನಸಪೂಜೆ.

ಮನಸ್ಸಿನಲ್ಲೇ ಐದು ಉಪಚಾರ ಸಲ್ಲಿಸುವ ಮಾನಸ ಪಂಚೋಪಚಾರ ಹೀಗೆ: ಲಂ ಪೃಥಿವ್ಯಾತ್ಮನೇ ಗಂಧಂ, ಹಂ ಆಕಾಶಾತ್ಮನೇ ಪುಷ್ಪಂ, ಯಂ ವಾಯ್ವಾತ್ಮನೇ ಧೂಪಂ, ರಂ ಅಗ್ನ್ಯಾತ್ಮನೇ ದೀಪಂ, ವಂ ಅಮೃತಾತ್ಮನೇ ನೈವೇದ್ಯಂ. ಪ್ರತಿಯೊಂದಕ್ಕೂ ‘ಸಮರ್ಪಯಾಮಿ’ ಎನ್ನಬೇಕು. ಆಕಾಶದಿಂದ ಭೂಮಿಗೆ ಇಳಿಯುವ ಸೃಷ್ಟಿಕ್ರಮ ಇಲ್ಲಿಲ್ಲ, ‘ತಿದ್ದಿ’ ಸಾಲು ಬದಲಿಸಬೇಡಿ. ಉಪಚಾರಗಳ ಕ್ರಮಕ್ಕೆ ಲಂ, ಹಂ ಮುಂತಾದ ಬೀಜಾಕ್ಷರಗಳು ಹೊಂದಿಕೊಂಡಿವೆ. ಒಂದೊಂದಕ್ಕೆ ಮೂರು ಉಸಿರಿನಷ್ಟು ಹೊತ್ತು ಕೊಡಿ. ಗಂಧ ಎನ್ನುವಾಗ ತೇಯ್ದ ಗಂಧದ ತಣ್ಣಗಿನ ಸ್ಪರ್ಶ ಬೆರಳಿಗೆ ತಾಗಬೇಕು, ದೀಪ ಎನ್ನುವಾಗ ಅಂಗೈಗೆ ಬಿಸಿ ತಾಗಬೇಕು. ಬರೀ ಬಾಯಲ್ಲಿ ಹೇಳಿದರೆ ಅರ್ಧ ನಿಮಿಷಕ್ಕೆ ಮುಗಿದುಹೋಗುತ್ತದೆ, ಫಲವೂ ಅಷ್ಟೇ. ಮನಸ್ಸು ಊರು ಸುತ್ತುವ ದಿನ ಇದನ್ನೇ ಮಾಡಿ. ಅಲೆಯುವ ಮನಸ್ಸಿಗೆ ಕೆಲಸ ಕೊಡಬೇಕು, ಗದರಿಸಬಾರದು.

ಕುಡಿಕೆದೀಪ

ಖಾಲಿತನದ ಪ್ರಶ್ನೆ ಎಲ್ಲರೂ ಬಿಟ್ಟಿದ್ದೀರಿ, ಮುಖ್ಯವಾದದ್ದು ಅದೇ.

ಮನಸ್ಸು ಖಾಲಿಯಾಗುವುದು ಮೌನವಲ್ಲ. ಇದನ್ನು ಸ್ತೋತ್ರವೇ ಹೇಳುತ್ತದೆ. 5ನೇ ಶ್ಲೋಕದಲ್ಲಿ ದೇಹ, ಪ್ರಾಣ, ಇಂದ್ರಿಯಗಳು, ಚಂಚಲ ಬುದ್ಧಿ, ಶೂನ್ಯ, ಇವುಗಳಲ್ಲಿ ಒಂದೊಂದನ್ನು ‘ನಾನು’ ಎಂದುಕೊಂಡವರ ಪಟ್ಟಿಯಿದೆ. ಶೂನ್ಯವೂ ಆ ತಪ್ಪುಗಳ ಪಟ್ಟಿಯಲ್ಲೇ ಇದೆ ನೋಡಿ, ಅದೂ ಕೊನೆಯದಾಗಿ. ಉಳಿದದ್ದನ್ನೆಲ್ಲ ದಾಟಿ ಬಂದವನು ಎಡವುವ ಕೊನೆಯ ಹೊಸ್ತಿಲು ಅದು. ಅದಕ್ಕೆ ಉತ್ತರ ಮುಂದಿನ ಶ್ಲೋಕದಲ್ಲೇ ಇದೆ: ರಾಹು ಹಿಡಿದ ಸೂರ್ಯಚಂದ್ರರ ಹಾಗೆ ಗಾಢನಿದ್ದೆಯಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ, ಆದರೂ ಎದ್ದವನು ‘ಇಷ್ಟು ಹೊತ್ತು ಮಲಗಿದ್ದೆ’ ಎಂದು ಗುರುತಿಸುತ್ತಾನೆ. ಗ್ರಹಣದಲ್ಲಿ ಸೂರ್ಯ ಇಲ್ಲವಾಗಲಿಲ್ಲ. ನಿಮ್ಮ ಖಾಲಿಯಲ್ಲೂ ಹಾಗೆಯೇ. ‘ಏನೂ ಇರಲಿಲ್ಲ’ ಎಂದು ಇಲ್ಲಿ ಬರೆದಿರಲ್ಲ, ಏನೂ ಇರಲಿಲ್ಲವೆಂದು ಗೊತ್ತಾದದ್ದು ಯಾರಿಗೆ? ಆ ಪ್ರಶ್ನೆ ಹಿಡಿದು ಮತ್ತೆ ಕೂರಿ. ಖಾಲಿಯನ್ನು ಓಡಿಸುವುದೂ ಬೇಡ, ಮೆಚ್ಚಿ ಅಲ್ಲೇ ಬಿಡಾರ ಹೂಡುವುದೂ ಬೇಡ.

ಮಾತಿನಲ್ಲಿ ಇದು ಹಿಡಿತಕ್ಕೆ ಬರುವುದಿಲ್ಲ ಎನ್ನುವವರು 4ನೇ ಶ್ಲೋಕದ ದೃಷ್ಟಾಂತವನ್ನು ಕಣ್ಣಾರೆ ನೋಡಬಹುದು: ಹಲವು ತೂತಿನ ಕೊಡದೊಳಗಿನ ದೀಪ. ಮಾಡುವುದು ಕಷ್ಟವಿಲ್ಲ. ಅಂಗೈ ಅಗಲ ಬಾಯಿಯ ಒಂದು ಮಣ್ಣಿನ ಕುಡಿಕೆ ತಗೊಂಡು ಒಂದು ಗಂಟೆ ನೀರಿನಲ್ಲಿ ನೆನೆಸಿ. ಹೊಟ್ಟೆಯ ಭಾಗದಲ್ಲಿ ಸುತ್ತಲೂ ಐದು ಗುರುತು, ತಳದಲ್ಲಿ ಒಂದು. ಮೊಳೆಯ ತುದಿಯನ್ನು ಒತ್ತಿ ಬುಗುರಿಯ ಹಾಗೆ ತಿರುಗಿಸುತ್ತ ಕೊರೆಯಿರಿ, ಪೆನ್ಸಿಲ್ ದಪ್ಪದ ತೂತು ಬೀಳಲಿ. ಸುತ್ತಿಗೆಯಲ್ಲಿ ಹೊಡೆದರೆ ಬಿರುಕು ಬಿಡುವುದು ಖಂಡಿತ. ಒಂದು ದಿನ ಒಣಗಿಸಿ. ಕತ್ತಲೆ ಕೋಣೆಯಲ್ಲಿ ಹಣತೆ ಹಚ್ಚಿ, ಅದನ್ನು ಬೋರಲು ಹಾಕಿದ ಇನ್ನೊಂದು ಹಣತೆಯ ಮೇಲಿಟ್ಟು ಜ್ವಾಲೆ ತೂತುಗಳ ಮಟ್ಟಕ್ಕೆ ಬರುವಂತೆ ಮಾಡಿ, ಮೇಲೆ ಕುಡಿಕೆ ಕವುಚಿ. ಕುಡಿಕೆಯ ಬಾಯಿಗೆ ಮೂರು ಹೆಂಚಿನ ಚೂರು ಕೊಟ್ಟು ಬೆರಳಗಲ ಸಂದು ಬಿಡಲೇಬೇಕು. ಕೆಳಗಿಂದ ಗಾಳಿ ಬಂದು ಮೇಲಿನ ತೂತಿನಿಂದ ಬಿಸಿ ಹೋಗದಿದ್ದರೆ ದೀಪ ಮಂಕಾಗಿ ಆರಿಹೋಗುತ್ತದೆ. ಬತ್ತಿ ಉದ್ದವಾದರೆ ಒಳಗೆಲ್ಲ ಮಸಿ. ಫ್ಯಾನ್ ಬಂದ್ ಇರಲಿ. ಕುಡಿಕೆ ಕಾದಿರುತ್ತದೆ, ಬಟ್ಟೆ ಹಿಡಿದು ಎತ್ತಿ, ಉರಿಯುವಾಗ ಬಿಟ್ಟು ಏಳಬೇಡಿ.

ಈಗ ನೋಡಿ. ಐದು ತೂತಿನಿಂದ ಐದು ಬೆಳಕು ಗೋಡೆಗೆ ಬಿದ್ದಿರುತ್ತದೆ. ಅಂಚು ಒರಟಾಗಿರುವ ತೂತಿನ ಬೆಳಕು ಹರಕು, ದೊಡ್ಡದರದ್ದು ಅಗಲ. ಒಂದನ್ನು ರಟ್ಟಿನ ಚೂರಿನಿಂದ ಮುಚ್ಚಿ. ಗೋಡೆಯ ಮೇಲೆ ಒಂದು ಬೆಳಕು ಹೋಯಿತು, ಒಳಗಿನ ಜ್ವಾಲೆಗೆ ಏನೂ ಆಗಲಿಲ್ಲ. ಸುತ್ತಲಿನ ಐದನ್ನೂ ಮುಚ್ಚಿ: ಗೋಡೆ ಪೂರ್ತಿ ಕತ್ತಲು. ಹೊರಗಿಂದ ನೋಡುವವನು ‘ಏನೂ ಇಲ್ಲ’ ಎನ್ನುತ್ತಾನೆ. ನಿಮ್ಮ ಖಾಲಿ ಇದೇ. ಕಣ್ಣು ಕಿವಿಗಳ ತೂತು ಮುಚ್ಚಿದೆ, ಅಷ್ಟರಿಂದ ದೀಪ ಆರಿತು ಎನ್ನಲಾಗದು.

ಇಲ್ಲಿ ಒಂದು ಎಚ್ಚರಿಕೆ. ಜ್ವಾಲೆಯನ್ನು ಮನಸ್ಸು ಎಂದು ತಿಳಿದವರು ಅದು ಅಲುಗಾಡುವುದನ್ನು ನೋಡಿ ‘ಮನಸ್ಸನ್ನು ನಿಲ್ಲಿಸಬೇಕು’ ಎಂದು ಹೊರಡುತ್ತಾರೆ. ಶ್ಲೋಕದ ಪ್ರಕಾರ ದೀಪ ಇರುವುದು ಅರಿವಿನ ಸ್ಥಾನದಲ್ಲಿ. ಮನಸ್ಸು ಕುಡಿಕೆಯ ಕಡೆಗೆ ಸೇರುತ್ತದೆ. ದೃಷ್ಟಾಂತಕ್ಕೂ ಮಿತಿ ಇದೆ, ನಿಜದ ಜ್ವಾಲೆಗೆ ಎಣ್ಣೆ ಬೇಕು, ಗಾಳಿ ಬೇಕು. ಅಲ್ಲಿಗೆ ಹೋಲಿಕೆ ನಿಲ್ಲಿಸಿ.

ಹೊಂಗೆನೆರಳು

ತುಂಬಾ ಉಪಕಾರವಾಯಿತು. ಶೂನ್ಯ ಆ ಪಟ್ಟಿಯಲ್ಲಿದೆ ಎಂಬುದನ್ನು ಇಷ್ಟು ದಿನ ಹಾಗೇ ದಾಟಿಕೊಂಡು ಹೋಗಿದ್ದೆ. ಒಂದೇ ಒಂದು ಉಳಿಯಿತು: ಈ ಖಾಲಿ ತೂಕಡಿಕೆಯೋ ಅಲ್ಲವೋ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ? ಬೆಳಿಗ್ಗೆ ಐದಕ್ಕೆ ಕೂತರೆ ಹೆಚ್ಚು, ಸಂಜೆ ಕಡಿಮೆ.

ಅಕ್ಷಮಾಲೆ

ಮುದ್ರೆಯೇ ಹೇಳುತ್ತದೆ. ಬೆರಳ ತುದಿಗಳು ಬಿಟ್ಟುಕೊಂಡಿದ್ದರೆ ಅದು ನಿದ್ದೆಯ ಕಡೆ ಜಾರಿದ್ದು. ಬೆರಳು ತಾಗಿಯೇ ಇದ್ದು, ಗದ್ದ ಎದೆಗೆ ಬೀಳದೆ, ಹೊರಗಿನ ಸದ್ದು ಕೇಳಿಸುತ್ತಿದ್ದರೆ ಕುಡಿಕೆದೀಪದವರ ಪ್ರಶ್ನೆ ಹಿಡಿದು ಮುಂದುವರಿಯಿರಿ. ಮುದ್ರೆ ಬಿಟ್ಟುಹೋದದ್ದು ಗೊತ್ತಾದ ಕೂಡಲೇ ಕಣ್ಣು ತೆರೆದು ಪಟದ ಪಾದ ನೋಡಿ, ಒಂದು ಶ್ಲೋಕ ಗಟ್ಟಿಯಾಗಿ ಹೇಳಿ, ಮತ್ತೆ ಮುಚ್ಚಿ. ಹಾಗೆ ಮೂರು ಸಲ ಆಯಿತೆಂದರೆ ಅವತ್ತಿಗೆ ಏಳುವುದು ಒಳ್ಳೆಯದು, ಹಟ ಬೇಡ. ಐದಕ್ಕೆ ತೂಕಡಿಕೆ ಬಂದರೆ ಸಾಮಾನ್ಯವಾಗಿ ರಾತ್ರಿ ನಿದ್ದೆ ಸಾಲದೆ ಇರುವುದೇ ಕಾರಣ, ಅದಕ್ಕೆ ವೇದಾಂತ ಹುಡುಕಬೇಡಿ. ಸ್ನಾನ ಮಾಡಿ ಕೂರಿ, ಅಥವಾ ಸಂಜೆ ದೀಪ ಹಚ್ಚುವ ಹೊತ್ತಿಗೇ ಇಟ್ಟುಕೊಳ್ಳಿ.

ನಿತ್ಯಪಾಠ

ಇನ್ನೊಂದು ಉಪಾಯ: ಕೂರಲಾಗದ ದಿನ 9ನೇ ಶ್ಲೋಕ ಹಿಡಿಯಿರಿ. ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ, ಸೂರ್ಯ, ಚಂದ್ರ, ಜೀವ ಎಂಬ ಎಂಟು ಮೂರ್ತಿಗಳು ಅದರಲ್ಲಿ ಬರುತ್ತವೆ. ಕಣ್ಣು ತೆರೆದೇ, ನಡೆಯುತ್ತಲೇ ಮಾಡುವಂಥದ್ದು. ಹೆಜ್ಜೆಗೆ ಭೂಮಿ, ಕುಡಿಯುವಾಗ ನೀರು, ಮೂಗಿನ ತುದಿಗೆ ಗಾಳಿ ಎಂದು ಸಿಕ್ಕಿದ್ದನ್ನು ಸಿಕ್ಕಾಗ ಗುರುತಿಸುತ್ತ ಹೋಗಿ. ಎಂಟನೆಯದು ಗುರುತಿಸುತ್ತಿರುವವನೇ. ಜನ ಅದನ್ನು ಎಣಿಸುವುದು ಮರೆತು ಏಳಕ್ಕೇ ನಿಲ್ಲಿಸುತ್ತಾರೆ.